ಆನೆಯ ಕಾಲು, ಕೆಸರಿನ ಹಳಿ

ಇವತ್ತು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದಕ್ಕೆ ಮೊದಲು ಆ ತಪ್ಪು ಆಗಿದ್ದು ಹೇಗೆ ಅಂತ ಹೇಳಿಬಿಡ್ತೀನಿ.

2020ರ ಜೂನ್ 9. ಕೊರೋನಾ ಕಾಲ. ಸ್ಟುಡಿಯೋದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಮಧ್ಯಾಹ್ನದ ಹೊತ್ತಿಗೆ ಅಸ್ಸಾಮಿನಿಂದ ದೃಶ್ಯಗಳು ಬರೋಕೆ ಶುರುವಾದವು. ತಿನ್ಸುಕಿಯಾ ಜಿಲ್ಲೆಯ ಬಾಘಜಾನ್ ಅನ್ನೋ ಊರು. ಅಲ್ಲಿನ ಐದನೇ ನಂಬರಿನ ಬಾವಿಯಿಂದ ಮೇ 27ರಿಂದಲೇ ಅನಿಲ ಹತೋಟಿ ತಪ್ಪಿ ನುಗ್ಗುತ್ತಿತ್ತು. ಅವತ್ತು ಅದಕ್ಕೆ ಬೆಂಕಿ ಹತ್ತಿಕೊಂಡಿತು. ಮೈಲುಗಟ್ಟಲೆ ದೂರಕ್ಕೆ ಕಾಣುವ ಜ್ವಾಲೆ, ಕಪ್ಪು ಹೊಗೆ. ಕೆಳಗೆ ನೋಡಿದರೆ ಬತ್ತದ ಗದ್ದೆ, ಬಾಳೆತೋಟ, ಆಚೆಗೆ ಹೊಳೆಯುವ ನೀರು. ಬೆಂಕಿ ಒಂದು ಕಡೆ, ಕೆರೆಯಂಥ ಜೌಗು ಇನ್ನೊಂದು ಕಡೆ. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಅವರ ದೇಹಗಳು ಸಿಕ್ಕಿದ್ದು ಮರುದಿನ, ಪಕ್ಕದ ನೀರಿನಲ್ಲಿ.

ನೇರಪ್ರಸಾರದಲ್ಲಿ ಇಂಥ ಹೊತ್ತಲ್ಲಿ ಮಾತು ಮುಂದುವರಿಸುತ್ತಲೇ ಇರಬೇಕಾಗುತ್ತೆ. ಅದು ನಮ್ಮ ವೃತ್ತಿಯ ಶಾಪ. ದೃಶ್ಯ ಒಂದೇ, ಅದೇ ಮತ್ತೆ ಮತ್ತೆ ಓಡ್ತಾ ಇರುತ್ತೆ. ನಾನು ನೆನಪಿನಿಂದ ಒಂದು ಕಥೆ ತೆಗೆದೆ. "ವೀಕ್ಷಕರೇ, ಇದೇ ಅಸ್ಸಾಮಿನಲ್ಲಿ ಏಷ್ಯಾದ ತೈಲದ ಕಥೆ ಶುರುವಾಗಿದ್ದು ಹೇಗೆ ಗೊತ್ತಾ? ರೈಲುಹಳಿ ಹಾಕೋಕೆ ಮರದ ದಿಮ್ಮಿ ಎಳೀತಿದ್ದ ಆನೆಯೊಂದು ಕಾಡಿನಿಂದ ವಾಪಸ್ ಬಂತು. ಅದರ ಕಾಲಿಗೆ ಕಪ್ಪು ಜಿಡ್ಡು ಮೆತ್ತಿತ್ತು. ಇಂಗ್ಲಿಷ್ ಸಾಹೇಬ ಅದನ್ನ ನೋಡಿ ಕೂಲಿಯವನಿಗೆ 'ಡಿಗ್ ಬಾಯ್, ಡಿಗ್' ಅಂದ. ಅಗೆಯೋ ಹುಡುಗಾ, ಅಗೆಯೋ ಅಂತ. ಹಾಗಾಗಿ ಊರಿಗೆ ಡಿಗ್ಬೋಯ್ ಅಂತ ಹೆಸರು ಬಂತು." ಚೆನ್ನಾಗಿತ್ತು. ಕ್ಲಿಪ್ ಓಡಿತು.

ಮರುದಿನ ಬೆಳಗ್ಗೆ ಆಫೀಸಿಗೆ ಒಂದು ಫೋನು. ವಯಸ್ಸಾದ ದನಿ, ಹಾಸನದ ಕಡೆಯ ಮಾತು. ಮೇಲಿನ ಅಸ್ಸಾಮಿನಲ್ಲಿ ತೈಲದ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರು. "ನೋಡಮ್ಮಾ, ನಿಮ್ಮ ಕಾರ್ಯಕ್ರಮ ದಿನಾ ನೋಡ್ತೀನಿ. ಬೈಯೋಕೆ ಫೋನ್ ಮಾಡಿಲ್ಲ. ನೀನೂ ಎಂಜಿನಿಯರಿಂಗ್ ಓದಿದೀಯ ಅಂತ ಕೇಳಿದೀನಿ. ಆನೆ ಕಥೆ ಹೇಳಿದೆ, ಸರಿ. ಹಳಿ ಹಾಕಿದ್ದು ಯಾರು, ಯಾವ ನೆಲದ ಮೇಲೆ, ಯಾಕೆ ಹಾಕಿದ್ರು ಅಂತ ಯಾಕೆ ಹೇಳಲಿಲ್ಲ? ಆ ಎರಡು ತಾರೀಕು ಪಕ್ಕಪಕ್ಕ ಇಟ್ಟು ನೋಡಿದೀಯಾ?"

ಇಲ್ಲ. ನೋಡಿರಲಿಲ್ಲ. ಸಿವಿಲ್ ಎಂಜಿನಿಯರಿಂಗ್ ಪದವಿ ಗೋಡೆ ಮೇಲೆ ತೂಗುಹಾಕಿಕೊಂಡಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅವತ್ತಿನಿಂದ ಓದೋಕೆ ಶುರು ಮಾಡಿದೆ. ಇವತ್ತು ಆ ಲೆಕ್ಕ ಒಪ್ಪಿಸ್ತೀನಿ.

ಮೊದಲ ವಿಷಯ. ಅಸ್ಸಾಮಿನಲ್ಲಿ ತೈಲ ಇದೆ ಅನ್ನೋದನ್ನ ಯಾವ ಆನೆಯೂ ಕಂಡುಹಿಡಿಯಬೇಕಾಗಿರಲಿಲ್ಲ. 1820ರ ದಶಕದಲ್ಲೇ ಬ್ರಿಟಿಷ್ ಸೇನೆಯ ಅಧಿಕಾರಿಗಳು ಬುಡಿ ದಿಹಿಂಗ್ ನದಿಯ ದಡದಲ್ಲಿ ತೈಲ ಜಿನುಗುವುದನ್ನು ನೋಡಿ ಬರೆದಿಟ್ಟಿದ್ದರು. ಅವರಿಗೆ ತೋರಿಸಿದವರು ಯಾರು? ಅಲ್ಲಿನ ಜನ. ಅಂದರೆ ಅಲ್ಲಿಯವರಿಗೆ ಅದಕ್ಕಿಂತ ಮೊದಲೇ ಗೊತ್ತಿತ್ತು.

ಎರಡನೆಯದು. ಅಮೆರಿಕದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ 1859ರಲ್ಲಿ ಬಾವಿ ಕೊರೆದು ತೈಲ ತೆಗೆದ. ಅದಾಗಿ ಎಂಟೇ ವರ್ಷ. 1866ರ ಕೊನೆಗೆ ಕಲ್ಕತ್ತೆಯ ಮೆಕಿಲಪ್ ಸ್ಟೂವರ್ಟ್ ಕಂಪನಿಯ ಗುಡ್‌ಇನಫ್ ಅನ್ನೋನು ನಾಹೋರ್‌ಪುಂಗ್ ಎಂಬಲ್ಲಿ 102 ಅಡಿ ಆಳದ ಗುಂಡಿ ತೋಡಿಸಿದ. ತೈಲ ಸಿಗಲಿಲ್ಲ. ಬಿಡಲಿಲ್ಲ. 1867ರ ಮಾರ್ಚ್ 26ರಂದು ಮಾಕುಮ್ ಬಳಿ 118 ಅಡಿ ಆಳದಲ್ಲಿ ತೈಲ ಚಿಮ್ಮಿತು. ಯಂತ್ರದಿಂದ ಕೊರೆದು ತೈಲ ಕಂಡ ಏಷ್ಯಾದ ಮೊದಲ ಬಾವಿ ಅಂತ ಅದನ್ನೇ ಹೇಳ್ತಾರೆ.

ಸರಿ, ತೈಲ ಸಿಕ್ಕಿತಲ್ಲ? ಮತ್ತೆ ಯಾಕೆ ಡಿಗ್ಬೋಯ್‌ವರೆಗೆ ಇಪ್ಪತ್ತೆರಡು ವರ್ಷ ಸುಮ್ಮನಿದ್ದರು?

ಇಲ್ಲೇ ಇದೆ ನೋಡಿ ಇಡೀ ಕಥೆಯ ಗುಟ್ಟು. ತೈಲ ನೆಲದಿಂದ ಮೇಲೆ ಬಂದರೆ ಸಾಲದು. ಅದು ಮಾರುಕಟ್ಟೆಗೆ ಹೋಗಬೇಕು. ಮಾರುಕಟ್ಟೆ ಎಲ್ಲಿ? ಕಲ್ಕತ್ತೆಯಲ್ಲಿ. ಅಲ್ಲಿಗೆ ಹೋಗುವ ದಾರಿ ಬ್ರಹ್ಮಪುತ್ರಾ ನದಿ. ಡಿಬ್ರುಗಢದಲ್ಲಿ ಸ್ಟೀಮರ್ ಘಾಟ್ ಇತ್ತು. ಆದರೆ ಮಾಕುಮ್‌ನಿಂದ ಆ ಘಾಟ್‌ವರೆಗೆ? ಕಾಡು, ಜೊಂಡು, ಬೀಲ್. ಬೀಲ್ ಅಂದರೆ ಅಸ್ಸಾಮಿಯಲ್ಲಿ ಜೌಗುಕೆರೆ. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಅದು. ನದಿ ಹೊತ್ತು ತಂದು ಹರವಿದ ಮೆಕ್ಕಲು ಮಣ್ಣು. ಮಳೆಗಾಲದಲ್ಲಿ ಎತ್ತಿನ ಗಾಡಿಯ ಚಕ್ರ ಅಚ್ಚುಮರದವರೆಗೆ ಇಳಿಯುತ್ತೆ. ಪೀಪಾಯಿ ತುಂಬ ಎಣ್ಣೆ ಹೊತ್ತ ಗಾಡಿಯ ಗತಿ ಏನು, ಯೋಚನೆ ಮಾಡಿ.

ತೈಲ ಇತ್ತು, ಚಕ್ರ ಓಡುವ ನೆಲ ಇರಲಿಲ್ಲ.

1881ರಲ್ಲಿ ಲಂಡನ್‌ನಲ್ಲಿ ಒಂದು ಕಂಪನಿ ಹುಟ್ಟಿತು. ಅಸ್ಸಾಮ್ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ. ಹೆಸರು ಗಮನಿಸಿ. ರೈಲ್ವೆ ಮತ್ತು ವ್ಯಾಪಾರ, ಎರಡೂ ಒಂದೇ ಬೋರ್ಡಿನಲ್ಲಿ. ಜನರನ್ನು ಒಂದೂರಿಂದ ಇನ್ನೊಂದೂರಿಗೆ ಕರೆದೊಯ್ಯೋಕೆ ಹುಟ್ಟಿದ ರೈಲಲ್ಲ ಇದು. ಚಹಾ, ಕಲ್ಲಿದ್ದಲು, ಮರ, ಆಮೇಲೆ ತೈಲ. ಸರಕು ನದಿಗೆ ಇಳಿಸುವ ಜಾರುಬಂಡೆ ಅನ್ನಿ. ಡಿಬ್ರು-ಸದಿಯಾ ರೈಲ್ವೆ ಅಂತ ಕರೆದರು. 1882ರಲ್ಲಿ ಡಿಬ್ರುಗಢದ ಸ್ಟೀಮರ್ ಘಾಟ್‌ನಿಂದ ಓಡಾಟ ಶುರು. 1884ರ ಹೊತ್ತಿಗೆ ಹಳಿ ಲೇಡೋ ಕಲ್ಲಿದ್ದಲು ಗಣಿಗಳನ್ನು ಮುಟ್ಟಿತು. ಹೆಸರಲ್ಲಿ ಸದಿಯಾ ಇದ್ದರೂ ಹಳಿ ನದಿ ದಾಟಿ ಸದಿಯಾ ಊರನ್ನು ಸೇರಲೇ ಇಲ್ಲ, ಅದು ಬೇರೆ ಮಾತು.

ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದು ಮೀಟರ್. ಮೈಸೂರು, ಶಿವಮೊಗ್ಗದ ಕಡೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು, ಅದರಲ್ಲೇ ಅರ್ಧ ಜೀವನ ಓಡಾಡಿದ್ದಾರೆ. ನಮ್ಮ ದೇಶದಲ್ಲಿ ಅದಕ್ಕಿಂತ ಕಿರಿದಾದ ಎರಡೂವರೆ ಅಡಿ, ಎರಡು ಅಡಿಯ ಹಳಿಗಳಿಗೆ ಮಾತ್ರ ನ್ಯಾರೋ ಗೇಜ್ ಅಂತೀವಿ. ಆದರೆ ಲೋಕದ ಲೆಕ್ಕದಲ್ಲಿ 1435 ಮಿಲಿಮೀಟರ್‌ಗಿಂತ ಕಡಿಮೆ ಇದ್ದದ್ದೆಲ್ಲ ನ್ಯಾರೋ ಗೇಜೇ.

ಯಾಕೆ ಕಿರಿದು? ದುಡ್ಡು ಉಳಿಸೋಕೆ ಅಂತ ಒಂದು ಮಾತಲ್ಲಿ ಹೇಳಿಬಿಡಬಹುದು. ಪೂರ್ತಿ ಉತ್ತರ ಅದಲ್ಲ. ಕೆಸರುಗದ್ದೆಯಲ್ಲಿ ನಡೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುವ ಜಾಗದಲ್ಲಿ ಒಂದು ಹಲಗೆ ಹಾಸಿ, ಅದರ ಮೇಲೆ ನಿಲ್ಲಿ. ನಿಮ್ಮ ತೂಕ ಅಷ್ಟೇ ಇದೆ, ಆದರೆ ಹೂತುಹೋಗಲ್ಲ. ಯಾಕೆ? ತೂಕ ಹೆಚ್ಚು ಜಾಗಕ್ಕೆ ಹಂಚಿಹೋಯಿತು. ಹಳಿಯ ಕೆಳಗಿನ ಸ್ಲೀಪರ್ ಮಾಡೋದು ಇದೇ ಕೆಲಸ. ಇಂಜಿನ್ ಹಗುರವಾದಷ್ಟೂ, ಒಂದೊಂದು ಅಚ್ಚಿನ ಮೇಲಿನ ಭಾರ ಕಡಿಮೆಯಾದಷ್ಟೂ ಮೆತ್ತನೆ ನೆಲ ಅದನ್ನ ತಡ್ಕೊಳ್ಳುತ್ತೆ. ಗೇಜ್ ಕಿರಿದಾದರೆ ಏರಿಯ ಅಗಲ ಕಡಿಮೆ, ಹೊತ್ತು ಹಾಕಬೇಕಾದ ಮಣ್ಣು ಕಡಿಮೆ. ತಿರುವು ಚಿಕ್ಕದಾಗಿ ತೆಗೆದುಕೊಳ್ಳಬಹುದು, ಅಂದರೆ ಆಳವಾದ ಜೌಗು ಎದುರಾದರೆ ಸುತ್ತಿ ಹೋಗಬಹುದು. ಲಾರಿಗೆ ಈ ಅನುಕೂಲ ಇಲ್ಲ. ಲಾರಿಯ ಟಯರು ಒಂದೇ ಕಡೆ ಭಾರ ಹಾಕುತ್ತೆ.

ಜೌಗಿನ ಮೇಲೆ ರೈಲು ಓಡಿಸುವ ವಿದ್ಯೆ ಅಸ್ಸಾಮಿನಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗ 1830ರಲ್ಲಿ ತೆರೆಯಿತಲ್ಲ, ಅದಕ್ಕೆ ಚಾಟ್ ಮಾಸ್ ಅನ್ನೋ ದೊಡ್ಡ ಜೌಗು ಅಡ್ಡ ಬಂತು. ಎಷ್ಟು ಮಣ್ಣು ಸುರಿದರೂ ನುಂಗುತ್ತಿತ್ತು. ಜಾರ್ಜ್ ಸ್ಟೀಫನ್‌ಸನ್ ಏನು ಮಾಡಿದ? ಕುರುಚಲು ಗಿಡ, ಕೊಂಬೆಗಳನ್ನು ಹೆಣೆದು ಚಾಪೆಯಂತೆ ಹಾಸಿದ. ಅದರ ಮೇಲೆ ಹಳಿ ತೇಲಿಸಿದ. ಹೌದು, ತೇಲಿಸಿದ. ಜೌಗನ್ನು ಗೆಲ್ಲೋಕೆ ಹೋಗಲಿಲ್ಲ, ಅದರ ಮೇಲೆ ಹಗುರವಾಗಿ ಕೂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಮತ್ತು ಅದರ ನಂತರ ಜರ್ಮನಿಯ ಎಮ್ಸ್‌ಲಾಂಡ್ ಸೀಮೆಯ ಜೌಗು ಬಯಲುಗಳಲ್ಲಿ ತೈಲ ಸಿಕ್ಕಿತು. ಅಲ್ಲೂ ಭಾರದ ವಾಹನ ನಿಲ್ಲದ ಕಡೆ ಬಾವಿಯಿಂದ ಬಾವಿಗೆ ಸಾಮಾನು ಸಾಗಿಸೋಕೆ ನೆರವಾಗಿದ್ದು ಪುಟ್ಟ ಹಳಿಗಳೇ. ನೆಲದ ಗುಣ ಒಂದೇ ಆದಾಗ ಜಾಣತನವೂ ಒಂದೇ ಆಗುತ್ತೆ.

ಅಸ್ಸಾಮಿನ ಈ ರೈಲಿನ ಹಿಂದೆ ಇದ್ದ ಒಂದು ಹೆಸರು ಬೆಂಜಮಿನ್ ಪಿಯರ್ಸಿ. ವೇಲ್ಸ್‌ನವನು. ತನ್ನ ನಾಡಿನಲ್ಲಿ ಹಲವು ರೈಲುಮಾರ್ಗ ಕಟ್ಟಿದವನು. ಅದರಲ್ಲೊಂದು ವಿಕ್ಸಾಲ್ ಮಾಸ್ ಎಂಬ ಜೌಗನ್ನು ದಾಟಿ ಹೋಗುವ ಮಾರ್ಗ. ಆಮೇಲೆ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ರೈಲು ಹಾಕಿದ. ಆ ನಂಟಿನಿಂದಲೇ ಅಸ್ಸಾಮಿಗೆ ಇಟಲಿಯ ಎಂಜಿನಿಯರುಗಳು ಬಂದರು. ಅವರ ಮುಖ್ಯಸ್ಥ ರೊಬೆರ್ತೊ ಪಗನೀನಿ. ಲೇಡೋ ಪಕ್ಕದಲ್ಲಿ ಮಾರ್ಗೆರಿಟಾ ಅಂತ ಒಂದು ಊರಿದೆ. ಬ್ರಹ್ಮಪುತ್ರಾ ಕಣಿವೆಯಲ್ಲಿ ಇಟಲಿಯ ಹೆಸರು ಹೇಗೆ ಬಂತು ಅಂತ ಆಶ್ಚರ್ಯ ಆಗುತ್ತಲ್ಲ? ಇಟಲಿಯ ರಾಣಿ ಮಾರ್ಗೆರಿಟಾಳ ಹೆಸರು ಅದು.

ನೋಡಿ, ರಾಣಿಯ ಹೆಸರು ಉಳೀತು. ಎಂಜಿನಿಯರ್ ಹೆಸರು ಉಳೀತು. ಆ ಕೆಸರಲ್ಲಿ ಸೊಂಟದವರೆಗೆ ನಿಂತು ಮಣ್ಣು ಹೊತ್ತವರ ಹೆಸರು? ಮೇಲಿನ ಅಸ್ಸಾಮಿನಲ್ಲಿ ಆಗ ಚಹಾತೋಟಗಳಿಗೇ ಆಳು ಸಾಲುತ್ತಿರಲಿಲ್ಲ. ಛೋಟಾ ನಾಗಪುರ ಮತ್ತಿತರ ಕಡೆಗಳಿಂದ ಜನರನ್ನು ಕರಾರಿನ ಮೇಲೆ ಸ್ಟೀಮರಿನಲ್ಲಿ ತುಂಬಿ ತರುತ್ತಿದ್ದರು. ಮಲೇರಿಯಾ, ಕಾಲಾ ಅಜಾರ್, ಕಾಲರಾ. ನಿಂತ ನೀರು ಇರುವ ಕಡೆ ಏರಿ ಕಟ್ಟುವುದು ಅಂದರೆ ಸೊಳ್ಳೆಯ ಬಾಯಿಗೆ ಮೈ ಒಡ್ಡುವುದು. ಸೊಳ್ಳೆಯಿಂದ ಮಲೇರಿಯಾ ಬರುತ್ತೆ ಅಂತ ರೊನಾಲ್ಡ್ ರಾಸ್ ತೋರಿಸಿಕೊಟ್ಟಿದ್ದು 1897ರಲ್ಲಿ. ಈ ಹಳಿ ಹಾಕುವಾಗ ಅದು ಯಾರಿಗೂ ಗೊತ್ತಿರಲಿಲ್ಲ.

ಈಗ ಆನೆಗೆ ಬರೋಣ. ಹಾಸನದ ಆ ಹಿರಿಯರು ಹೇಳಿದಂತೆ ಎರಡು ತಾರೀಕು ಪಕ್ಕಪಕ್ಕ ಇಟ್ಟೆ. ಹಳಿ ಡಿಗ್ಬೋಯ್ ಸೀಮೆ ದಾಟಿ ಲೇಡೋ ಮುಟ್ಟಿದ್ದು 1884ರ ಹೊತ್ತಿಗೆ. ಡಿಗ್ಬೋಯ್‌ನ ಮೊದಲ ಬಾವಿ ಕೊರೆಯಲು ಶುರು ಮಾಡಿದ್ದು 1889ರ ಸೆಪ್ಟೆಂಬರ್‌ನಲ್ಲಿ. ಆನೆಯ ಕಾಲು ನೋಡಿದ ಸಾಹೇಬ "ಅಗೆಯೋ" ಅಂತ ಕೂಗಿದ ಮೇಲೆ ಆ ಹುಡುಗ ಐದು ವರ್ಷ ಗುದ್ದಲಿ ಹಿಡಿದು ನಿಂತಿದ್ದನಾ? ಇನ್ನು ಹೆಸರು. ಆ ಸೀಮೆಯ ನದಿ, ಊರುಗಳ ಹೆಸರು ಓದಿಕೊಂಡು ಹೋಗಿ. ಡಿಬ್ರು, ದಿಹಿಂಗ್, ದಿಖೌ, ದಿಸಾಂಗ್. ಎಲ್ಲದರ ತಲೆಯಲ್ಲೂ ಒಂದು 'ದಿ' ಕೂತಿದೆ. ಅಲ್ಲಿನ ಬೋಡೋ-ಕಛಾರಿ ನುಡಿಗಳಲ್ಲಿ ದಿ ಅಂದರೆ ನೀರು. ಡಿಗ್ಬೋಯ್ ಆ ಕುಟುಂಬದ ಹೆಸರಿನ ಹಾಗೆ ಕೇಳಿಸುತ್ತೋ, ಇಂಗ್ಲಿಷ್ ಸಾಹೇಬನ ಅಪ್ಪಣೆಯ ಹಾಗೆ ಕೇಳಿಸುತ್ತೋ? ನೀವೇ ಹೇಳಿ.

ಹಾಗಂತ ಆನೆಗಳು ಇರಲಿಲ್ಲ ಅಂತಲ್ಲ. ಇದ್ದವು. ಕಾಡಿನಿಂದ ದಿಮ್ಮಿ ಎಳೆದವು. ಜಾರುವ ಕೆಸರಲ್ಲಿ ಬೇರೆ ಯಾವ ಪ್ರಾಣಿಗೂ ಆಗದ ಕೆಲಸ ಮಾಡಿದವು. ಕಾಲಿಗೆ ಎಣ್ಣೆ ಮೆತ್ತಿದ್ದೂ ಇರಬಹುದು, ಜಿನುಗುವ ಎಣ್ಣೆ ಅಲ್ಲಿ ಧಾರಾಳವಾಗಿತ್ತು. ನನ್ನ ತಕರಾರು ಆನೆಯ ಮೇಲಲ್ಲ. ಆ ಕಥೆ ಎಲ್ಲವನ್ನೂ ಅದೃಷ್ಟ ಮಾಡಿಬಿಡುತ್ತೆ. ಆನೆ ತಂದಿತು, ಸಾಹೇಬ ನೋಡಿದ, ಹುಡುಗ ಅಗೆದ, ಊರಾಯಿತು. ಅದರಲ್ಲಿ ಹುಡುಗನಿಗೆ ಹೆಸರಿಲ್ಲ, ಮಾತಿಲ್ಲ. ಅವನು ಬರೀ "ಬಾಯ್".

ನಿಜವಾಗಿ ನಡೆದದ್ದು ಅದೃಷ್ಟಕ್ಕಿಂತ ದೊಡ್ಡದು. ಕಂಪನಿಯಲ್ಲಿ ಡಬ್ಲ್ಯು. ಎಲ್. ಲೇಕ್ ಅನ್ನೋ ಎಂಜಿನಿಯರ್ ಇದ್ದ. ತೈಲದ ಹುಚ್ಚು ಹತ್ತಿದವನು. ಕಂಪನಿಯನ್ನು ಒಪ್ಪಿಸಿ ಕೊರೆಯಲು ಶುರು ಮಾಡಿಸಿದವನು ಅವನು. 1889ರ ಅಕ್ಟೋಬರ್‌ನಲ್ಲಿ 178 ಅಡಿಯಲ್ಲಿ ತೈಲದ ಸುಳಿವು. ಅಲ್ಲಿಗೆ ನಿಲ್ಲಿಸಲಿಲ್ಲ. 1890ರ ನವೆಂಬರ್‌ವರೆಗೆ ಕೊರೆದು 662 ಅಡಿ ಮುಟ್ಟಿದರು. ಸಿಕ್ಕಿದ್ದು ಎಷ್ಟು? ದಿನಕ್ಕೆ ಸುಮಾರು 200 ಗ್ಯಾಲನ್. ಇವತ್ತಿನ ಒಂದು ಟ್ಯಾಂಕರ್ ಲಾರಿಯ ಮೂಲೆಗೂ ಸಾಲದು. ಆದರೆ ಮಾಕುಮ್‌ನ ಬಾವಿಗೆ ಇಲ್ಲದ ಒಂದು ಭಾಗ್ಯ ಇದಕ್ಕಿತ್ತು. ಪಕ್ಕದಲ್ಲೇ ಹಳಿ ಇತ್ತು. ಹಳಿಯ ತುದಿಯಲ್ಲಿ ಸ್ಟೀಮರ್ ಇತ್ತು. ಸ್ಟೀಮರಿನ ತುದಿಯಲ್ಲಿ ಕಲ್ಕತ್ತೆ ಇತ್ತು. ಮಾಕುಮ್ ಮಾರುಕಟ್ಟೆಯಿಂದ ದೂರವೇ ಉಳಿಯಿತು, ಡಿಗ್ಬೋಯ್ ಊರಾಯಿತು. ಎರಡಕ್ಕೂ ನಡುವಿನ ದೊಡ್ಡ ವ್ಯತ್ಯಾಸ ಒಂದು ಮೀಟರ್ ಅಗಲದ ಹಳಿ.

1893ರಲ್ಲಿ ಮಾರ್ಗೆರಿಟಾದಲ್ಲಿ ಸಣ್ಣ ಸಂಸ್ಕರಣಾಗಾರ. 1899ರಲ್ಲಿ ತೈಲಕ್ಕಾಗಿಯೇ ಬೇರೆ ಕಂಪನಿ, ಅಸ್ಸಾಮ್ ಆಯಿಲ್ ಕಂಪನಿ. 1901ರ ಡಿಸೆಂಬರ್ 11ರಂದು ಡಿಗ್ಬೋಯ್ ಸಂಸ್ಕರಣಾಗಾರ ಶುರುವಾಯಿತು. ಅದು ಇನ್ನೂ ನಡೀತಿದೆ! ಆಗ ಜನಕ್ಕೆ ಬೇಕಿದ್ದದ್ದು ಪೆಟ್ರೋಲ್ ಅಲ್ಲ. ಕಾರು ಎಲ್ಲಿತ್ತು? ಬೇಕಿದ್ದದ್ದು ಸೀಮೆಎಣ್ಣೆ, ಮೇಣದಬತ್ತಿಯ ಮೇಣ. ಲಾಂದ್ರದ ದೀಪಕ್ಕೆ ಎಣ್ಣೆ. ನಮ್ಮ ಅಜ್ಜಿಯರ ಕಾಲದ ಬುಡ್ಡಿದೀಪ ನೆನಪು ಮಾಡಿಕೊಳ್ಳಿ, ಅಂಥ ದೀಪಕ್ಕಾಗಿಯೇ ಇಷ್ಟೆಲ್ಲ ನಡೆದದ್ದು.

1921ರಲ್ಲಿ ಬರ್ಮಾ ಆಯಿಲ್ ಕಂಪನಿ ಹಿಡಿತ ತಗೊಂಡಿತು. ಬಂಡವಾಳ ಬಂತು, ಉತ್ಪಾದನೆ ಏರಿತು, ಊರು ಬೆಳೆಯಿತು. ಗುಡ್ಡದ ಮೇಲೆ ಸಾಹೇಬರ ಬಂಗಲೆ, ಗಾಲ್ಫ್ ಮೈದಾನ. ಕೆಳಗೆ ಕೂಲಿ ಲೈನು. 1939ರಲ್ಲಿ ಆ ಕೆಳಗಿನವರು ಎದ್ದು ನಿಂತರು. ಕೂಲಿ, ಮನೆ, ಸಂಘದ ಮಾನ್ಯತೆ ಕೇಳಿ ಸಾವಿರಾರು ಜನ ಮುಷ್ಕರ ಹೂಡಿದರು. ಏಪ್ರಿಲ್‌ನಲ್ಲಿ ಗುಂಡು ಹಾರಿತು, ಕಾರ್ಮಿಕರು ಸತ್ತರು. ಆಗ ಅಸ್ಸಾಮಿನಲ್ಲಿ ಇದ್ದದ್ದು ಗೋಪಿನಾಥ್ ಬೊರ್ದೊಲೊಯ್ ನೇತೃತ್ವದ ಕಾಂಗ್ರೆಸ್ ಸರ್ಕಾರ. ಸೆಪ್ಟೆಂಬರ್‌ನಲ್ಲಿ ಮಹಾಯುದ್ಧ ಶುರುವಾಯಿತು. ತೈಲ ಯುದ್ಧದ ಸರಕಾಯಿತು, ಯುದ್ಧಕಾಲದ ಕಾನೂನಿನ ಮುಂದೆ ಮುಷ್ಕರ ಮುರಿದುಬಿತ್ತು. "ಅಗೆಯೋ ಹುಡುಗಾ" ಅನ್ನಿಸಿಕೊಂಡವರ ಮಕ್ಕಳು ಬಾಯಿಬಿಟ್ಟು ಕೇಳಿದಾಗ ಸಿಕ್ಕ ಉತ್ತರ ಇದು. ಆನೆ ಕಥೆ ಹೇಳುವವರು ಇದನ್ನು ಹೇಳಲ್ಲ. ನಾನೂ ಹೇಳಿರಲಿಲ್ಲ.

ಆಮೇಲೆ ಯುದ್ಧ ಮನೆ ಬಾಗಿಲಿಗೇ ಬಂತು. 1942ರಲ್ಲಿ ಜಪಾನ್ ಬರ್ಮಾಕ್ಕೆ ನುಗ್ಗಿತು. ಏಪ್ರಿಲ್‌ನಲ್ಲಿ ಬ್ರಿಟಿಷರು ಹಿಂದೆ ಸರಿಯುವಾಗ ಯೆನಾಂಜಾಂಗ್‌ನ ತೈಲ ಬಾವಿಗಳನ್ನು ತಾವೇ ಹಾಳುಗೆಡವಿದರು, ಶತ್ರುವಿಗೆ ಸಿಗಬಾರದು ಅಂತ. ಬರ್ಮಾದ ತೈಲ ಹೋದ ಮೇಲೆ ಈ ಮೂಲೆಯಲ್ಲಿ ಉಳಿದದ್ದು ಡಿಗ್ಬೋಯ್. ಯುದ್ಧದ ಕಾಲದಲ್ಲಿ ಅಲ್ಲಿ ದಿನಕ್ಕೆ ಸುಮಾರು 7000 ಬ್ಯಾರೆಲ್ ತೆಗೆದರು. ಆ ಪುಟ್ಟ ರೈಲಿನ ಕೊನೆಯ ನಿಲ್ದಾಣ ಲೇಡೋ ಇತ್ತಲ್ಲ, ಅಲ್ಲಿಂದಲೇ 1942ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಚೀನಾದ ಕಡೆಗೆ ರಸ್ತೆ ಕಡಿಯಲು ಶುರು ಮಾಡಿತು. ಲೇಡೋ ರಸ್ತೆ ಅಂತಲೇ ಅದಕ್ಕೆ ಹೆಸರು. ಲೇಡೋದಿಂದ ಕುನ್ಮಿಂಗ್‌ವರೆಗೆ 1700 ಕಿಲೋಮೀಟರ್‌ಗೂ ಹೆಚ್ಚು. ಯಾಕೆ ಲೇಡೋ? ಹಳಿ ಅಲ್ಲಿಗೆ ಮುಗಿಯುತ್ತಿತ್ತು, ಅದಕ್ಕೆ. ಚಹಾ ಮತ್ತು ಕಲ್ಲಿದ್ದಲಿಗಾಗಿ ಹಾಕಿದ ಹಳಿಯ ತುದಿ, ಅರವತ್ತು ವರ್ಷದ ಮೇಲೆ ಒಂದು ಮಹಾಯುದ್ಧದ ರಸ್ತೆಯ ಆರಂಭದ ಬಿಂದು ಆಯಿತು. ಅಸ್ಸಾಮಿನ ಮೀಟರ್ ಗೇಜ್ ಈ ಭಾರ ತಾಳಲಾರದೆ ಏದುಸಿರು ಬಿಟ್ಟಿತು. 1944ರ ಮಾರ್ಚ್ 1ರಿಂದ ಅಸ್ಸಾಮಿನ ಮುಖ್ಯ ಮಾರ್ಗವನ್ನು ಅಮೆರಿಕದ ಸೇನೆಯ ರೈಲ್ವೆ ಪಡೆಗಳೇ ನಡೆಸಿದವು.

ಡಿಗ್ಬೋಯ್‌ನಲ್ಲಿ ಯುದ್ಧ ಸ್ಮಶಾನ ಇದೆ. ಸುಮಾರು 200 ಸಮಾಧಿಗಳು. ಹುಲ್ಲು ಕತ್ತರಿಸಿ, ಕಲ್ಲು ತೊಳೆದು, ಹೆಸರು ಕೆತ್ತಿ ಚೆನ್ನಾಗಿ ಇಟ್ಟಿದ್ದಾರೆ. ಇಡಬೇಕಾದ್ದೇ. ಆದರೆ ಹಳಿಯ ಏರಿಯ ಪಕ್ಕದಲ್ಲಿ ಜ್ವರದಿಂದ ಸತ್ತವರಿಗೆ ಅಂಥ ಒಂದು ಕಲ್ಲೂ ಇಲ್ಲ.

ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆ ಬಂತು. ರಾತ್ರೋರಾತ್ರಿ ಅಸ್ಸಾಮಿನ ರೈಲು ದಾರಿ ಬೇರೆ ದೇಶದೊಳಗೆ ಹೋಗಿಬಿಟ್ಟಿತು. ಕರ್ನೈಲ್ ಸಿಂಗ್ ಅವರ ನೇತೃತ್ವದಲ್ಲಿ ಭಾರತದ ಎಂಜಿನಿಯರುಗಳು ತಪ್ಪಲಿನ ಕಾಡು, ಹುಚ್ಚು ನದಿಗಳನ್ನು ದಾಟಿ ಹೊಸ ಹಳಿ ಜೋಡಿಸಿದರು. 1950ರ ಜನವರಿ 26ಕ್ಕೆ, ಗಣರಾಜ್ಯದ ಮೊದಲ ದಿನಕ್ಕೆ, ಪ್ರಯಾಣಿಕರ ರೈಲು ಓಡಿತು. ಅದೇ ವರ್ಷ ಆಗಸ್ಟ್ 15ರಂದು 8.6 ತೀವ್ರತೆಯ ಭೂಕಂಪ. ಬ್ರಹ್ಮಪುತ್ರಾ ತಳವೇ ಮೇಲೆದ್ದಿತು, ದಡ ಕುಸಿಯಿತು, ಡಿಬ್ರುಗಢ ಪಟ್ಟಣದ ಒಂದು ಪಾಲು ನದಿಗೆ ಹೋಯಿತು, ಹಳೆಯ ಸದಿಯಾ ಊರೇ ನದಿಯ ಪಾಲಾಯಿತು. ನೆಲವೇ ಕರಗುವ ಸೀಮೆಯಲ್ಲಿ ಹಳಿ ಹಾಕುವುದು ಅಂದರೆ ಇದು.

1953ರಲ್ಲಿ ನಹರ್‌ಕಟಿಯಾದಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ಈಗ ಪ್ರಶ್ನೆ ಎದ್ದಿತು. ಸಂಸ್ಕರಣಾಗಾರ ಎಲ್ಲಿ? ಅಸ್ಸಾಮಿನವರು ನಮ್ಮಲ್ಲೇ ಆಗಲಿ ಅಂತ ಬೀದಿಗಿಳಿದರು. ಕೊನೆಗೆ ಗುವಾಹಟಿಗೆ ಒಂದು ಚಿಕ್ಕದು ಬಂತು, 1962ರ ಜನವರಿ 1ರಂದು ಶುರುವಾಯಿತು. ದೊಡ್ಡದು ಬಿಹಾರದ ಬರೌನಿಗೆ ಹೋಯಿತು. ಅಸ್ಸಾಮಿನಿಂದ ಬರೌನಿಗೆ 1100 ಕಿಲೋಮೀಟರ್‌ಗೂ ಉದ್ದದ ಪೈಪ್‌ಲೈನ್. ಹಳಿಯ ಕೆಲಸವನ್ನು ಕೊಳವೆ ಕಿತ್ತುಕೊಂಡಿತು. ಕೊಳವೆಗೆ ನಿಲ್ದಾಣ ಇರಲ್ಲ ನೋಡಿ. ರೈಲು ಬಂದರೆ ಅದರ ಜೊತೆ ಒಂದು ಪ್ಲಾಟ್‌ಫಾರ್ಮ್, ಒಂದು ಚಹಾ ಅಂಗಡಿ, ಒಂದು ಸಂತೆ ಬರುತ್ತೆ. ಕೊಳವೆ ಊರಿನ ಕೆಳಗೇ ಹಾದು ಹೋಗುತ್ತೆ, ಊರಿಗೆ ಗೊತ್ತೂ ಆಗಲ್ಲ.

ಆ ಸಿಟ್ಟು ಹೊಗೆಯಾಡುತ್ತಲೇ ಇತ್ತು. ಅಸ್ಸಾಮ್ ಚಳವಳಿಯ ಕಾಲದಲ್ಲಿ, 1979ರ ಕೊನೆಯಿಂದ, ಜನ ಆ ತೈಲ ಹೊರಗೆ ಹೋಗದಂತೆ ತಡೆದು ಕೂತರು. ರಕ್ತ ಬೇಕಾದರೆ ಕೊಡ್ತೀವಿ, ತೈಲ ಕೊಡಲ್ಲ ಅನ್ನೋದು ಅವತ್ತಿನ ಘೋಷಣೆ. 1980ರ ಜನವರಿ 18ರಂದು ದುಲಿಯಾಜಾನ್‌ನಲ್ಲಿ ಮತ್ತೆ ಸಾವುಗಳಾದವು. ಚಳವಳಿಯ ಎಲ್ಲ ಬೇಡಿಕೆಯನ್ನೂ ನೀವು ಒಪ್ಪಬೇಕಿಲ್ಲ. ಆದರೆ ಆ ಘೋಷಣೆ ಎಲ್ಲಿಂದ ಬಂತು ಅಂತ ಈಗ ಅರ್ಥ ಆಗುತ್ತಲ್ಲ? ನೂರು ವರ್ಷ ಅಲ್ಲಿಂದ ಸರಕು ಹೊರಗೆ ಹೋಗುವ ದಾರಿಯನ್ನು ಮಾತ್ರ ಕಟ್ಟಿದ್ದರು. ಮೊದಲು ಹಳಿ, ಆಮೇಲೆ ಕೊಳವೆ. ದಾರಿ ಯಾರದೋ ತೈಲ ಅವರದು.

1981ರಲ್ಲಿ ಡಿಗ್ಬೋಯ್ ಇಂಡಿಯನ್ ಆಯಿಲ್‌ಗೆ ಸೇರಿತು. 1990ರ ದಶಕದಲ್ಲಿ ಮೇಲಿನ ಅಸ್ಸಾಮಿಗೆ ಬ್ರಾಡ್ ಗೇಜ್ ಬಂತು, ಮೀಟರ್ ಗೇಜ್ ಹೋಯಿತು. ಲೇಡೋ ಬಳಿಯ ಟಿಪೋಂಗ್ ಕಲ್ಲಿದ್ದಲು ಗಣಿಯಲ್ಲಿ ಎರಡು ಅಡಿಯ ಹಳಿಯ ಮೇಲೆ ಪುಟ್ಟ ಉಗಿ ಇಂಜಿನ್‌ಗಳು ಈ ಶತಮಾನದಲ್ಲೂ ಓಡಿದವು. ದೇಶದೇಶಗಳಿಂದ ರೈಲು ಹುಚ್ಚಿನವರು ಕ್ಯಾಮೆರಾ ಹಿಡಿದು ಬಂದರು.

ಮತ್ತೆ ಬಾಘಜಾನ್‌ಗೆ ಬರ್ತೀನಿ. ಆ ಬಾವಿ ಇರೋದು ಮಾಗುರಿ-ಮೋಟಾಪುಂಗ್ ಬೀಲ್ ಪಕ್ಕದಲ್ಲಿ. ಆಚೆಗೆ ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ. ಯುದ್ಧಕಾಲದ ಸೇನೆಯ ಕುದುರೆಗಳ ಸಂತತಿ ಅಂತ ಹೇಳುವ ಕಾಡುಕುದುರೆಗಳು ಅಲ್ಲಿವೆ. ಡಿಗ್ಬೋಯ್ ಇರುವುದೂ ಅದೇ ತಿನ್ಸುಕಿಯಾ ಜಿಲ್ಲೆಯಲ್ಲಿ. 1882ರ ಎಂಜಿನಿಯರುಗಳು ಹೆದರಿದ್ದು ಇಂಥದ್ದೇ ಕೆಸರಿಗೆ. ಅವರು ಅದರ ಮೇಲೆ ಹಗುರವಾಗಿ ಹೋಗಬೇಕು ಅಂತ ಕಲಿತಿದ್ದರು. ಅದು ಜೌಗಿನ ಮೇಲಿನ ಪ್ರೀತಿಯಿಂದ ಅಲ್ಲ, ಬೇರೆ ದಾರಿ ಇರಲಿಲ್ಲ. ನಮ್ಮ ಕಾಲಕ್ಕೆ ಯಂತ್ರ ಬಲವಾಯಿತು. ಜೌಗು ಅಡ್ಡಿ ಅನ್ನಿಸುವುದು ನಿಂತಿತು. ಅಡ್ಡಿ ಅಲ್ಲ ಅಂದ ಮೇಲೆ ಅದು ಇದೆ ಅನ್ನೋದೂ ಮರೆತುಹೋಯಿತು. ಅಲ್ಲಿ ಮೀನು ಹಿಡಿದು ಬದುಕುವವರೂ ಮರೆತುಹೋದರು. ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಆ ಬಾವಿಯನ್ನು ಪೂರ್ತಿ ಅಡಗಿಸಲು ನವೆಂಬರ್ 15 ಆಯಿತು. ಐದೂವರೆ ತಿಂಗಳು. ನಮ್ಮ ಚಾನೆಲ್‌ನಲ್ಲಿ ಆ ಸುದ್ದಿ ಎಷ್ಟು ದಿನ ಇತ್ತು ಗೊತ್ತಾ? ಮೂರು ದಿನ. ಅದರಲ್ಲಿ ಒಂದು ದಿನ ಆನೆಗೆ ಹೋಯಿತು.

ಆ ಹಿರಿಯರಿಗೆ ವಾಪಸ್ ಫೋನ್ ಮಾಡಿದೆ. ಓದಿದ್ದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು, "ನಾನು ಅಲ್ಲಿ ಇದ್ದಾಗ ಮಳೆಗಾಲದಲ್ಲಿ ಹಳಿ ಪಕ್ಕ ಗ್ಯಾಂಗ್‌ಮನ್‌ಗಳು ದಿನಾ ನಡೀತಿದ್ರು ಕಣಮ್ಮ. ಎಲ್ಲಿ ಏರಿ ಕೂತಿದೆ, ಎಲ್ಲಿ ನೀರು ಬಿದ್ದಿದೆ ಅಂತ ಕಾಲಲ್ಲೇ ಕಂಡುಹಿಡೀತಿದ್ರು. ನಾವು ಓದಿದೋರು ಅವರನ್ನ ಕೇಳ್ಕೊಂಡು ಡ್ರಾಯಿಂಗ್ ತಿದ್ದಬೇಕಿತ್ತು. ಆನೆ ಕಾಲು ಎಲ್ಲರಿಗೂ ಗೊತ್ತು, ಆ ಕಾಲುಗಳು ಯಾರಿಗೆ ಗೊತ್ತು?"

ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಇಷ್ಟು ಮಾತ್ರ ಮಾಡಬಲ್ಲೆ. ಅವತ್ತು ನಾನು ಹೇಳಿದ ಕಥೆಯನ್ನು ಇವತ್ತು ತಿದ್ದಿಕೊಳ್ತೀನಿ. ಡಿಗ್ಬೋಯ್ ಅನ್ನು ಆನೆ ಕಂಡುಹಿಡಿಯಲಿಲ್ಲ ವೀಕ್ಷಕರೇ. ಅಲ್ಲಿನ ಜನಕ್ಕೆ ಎಣ್ಣೆ ಗೊತ್ತಿತ್ತು, ಹೊರಗಿನಿಂದ ತಂದ ಜನ ಕೆಸರಲ್ಲಿ ಏರಿ ಕಟ್ಟಿದರು, ಆ ಏರಿಯ ಮೇಲೆ ಎಣ್ಣೆ ಹೊರಗೆ ಹೋಯಿತು. ಮುಂದಿನ ಸಲ ಯಾವುದೋ ಊರಲ್ಲಿ ಬೆಂಕಿ ಹತ್ತಿದಾಗ, ಸ್ಟುಡಿಯೋದಲ್ಲಿ ನಾನು ಚೆಂದದ ಕಥೆ ಹೇಳೋಕೆ ಶುರು ಮಾಡಿದರೆ, ನೀವೂ ಫೋನ್ ಮಾಡಿ. ನಂಬರ್ ಪರದೆಯ ಕೆಳಗೇ ಇರುತ್ತೆ.